ಮಂಡಾಳು ಅಂಗಡಿಯ ಮೊಮ್ಮಗ

ನಿವೃತ್ತಿಯಾದ ಮೇಲೆ ಜನ ನನ್ನನ್ನು ಎರಡು ಕಾರಣಕ್ಕೆ ಹುಡುಕಿಕೊಂಡು ಬರುತ್ತಾರೆ. ಪಿಂಚಣಿ ಕಾಗದ ಯಾವ ಕಿಟಕಿಯಲ್ಲಿ ಕೊಡಬೇಕು ಎಂದು ಕೇಳಲು ಕೆಲವರು, ಮನೆಯ ಕೂಸು ಊಟ ಮಾಡುತ್ತಿಲ್ಲ ಎಂದು ಹೇಳಿಕೊಳ್ಳಲು ಕೆಲವರು. ಮೊದಲನೆಯದು ನನಗೂ ಇನ್ನೂ ಸರಿಯಾಗಿ ತಿಳಿದಿಲ್ಲ. ಎರಡನೆಯದರ ಬಗ್ಗೆ ನಾಲ್ಕು ಮಾತು ಹೇಳಬಲ್ಲೆ.

ಮಾನ್ವಿ ತಾಲ್ಲೂಕಿನ ಬಾಗಲವಾಡದಲ್ಲಿ ಅಂಗನವಾಡಿ ಟೀಚರ್ ಆಗಿ ಕೆಲಸಕ್ಕೆ ಸೇರಿದವಳು ನಾನು. ಆಮೇಲೆ ಮೇಲ್ವಿಚಾರಕಿಯಾಗಿ ದೇವದುರ್ಗ, ಕೊನೆಗೆ ರಾಯಚೂರು. ಬಡ್ತಿ ಯಾವಾಗ ಬಂತು, ಯಾರು ತಡೆದರು ಎಂಬ ಪುರಾಣ ಬೇಡ. ಅದನ್ನು ಕೇಳಿದರೆ ಯಾವ ಕೂಸಿನ ಹೊಟ್ಟೆಯೂ ತುಂಬುವುದಿಲ್ಲ. ಇದನ್ನು ಬರೆಯಲು ಕೂತದ್ದು ರೇಣುಕಾ ಎಂಬ ಹುಡುಗಿಯ ದೆಸೆಯಿಂದ. ಚಂದ್ರಬಂಡ, ಗುಂಜಹಳ್ಳಿ ಕಡೆಗೆ ಹೊಸದಾಗಿ ಮೇಲ್ವಿಚಾರಕಿಯಾಗಿ ಬಂದಿದ್ದಾಳೆ. ಮನೆಗೆ ಬಂದು ಚಹಾ ಕುಡಿಯುತ್ತ, "ತರಬೇತ್ಯಾಗ ಪ್ರೋಟೀನು, ಕ್ಯಾಲ್ಸಿಯಂ ಎಲ್ಲಾ ಹೇಳಿಕೊಟ್ಟಾರ್ರೀ ಮೇಡಂ. ಕೂಸು ಬಾಯಿನ ತೆಗೀಲಿಲ್ಲಂದ್ರ ಏನ್ ಮಾಡ್ಬೇಕು ಅಂತ ಯಾರೂ ಹೇಳಲಿಲ್ಲ" ಎಂದಳು. ಪ್ರಶ್ನೆ ಸರಿಯಾಗಿಯೇ ಇತ್ತು. ಆ ಹುಡುಗಿ ಈ ಕೆಲಸದಲ್ಲಿ ಮುಂದೆ ಬರುತ್ತಾಳೆ.

ನನಗೆ ಮೊದಲು ಪಾಠ ಸಿಕ್ಕಿದ್ದು ಬಾಗಲವಾಡದಲ್ಲಿ, ಉಪ್ಪಿಟ್ಟಿನ ಪಾತ್ರೆಯ ತಳದಿಂದ. ಅಂಗನವಾಡಿಯ ಉಪ್ಪಿಟ್ಟನ್ನು ನಾವು ಮಕ್ಕಳಿಗೆ ಮೆತ್ತಗಿರಲಿ ಎಂದು ನೀರು ಹೆಚ್ಚು ಹಾಕಿ ಗಂಜಿಯಂತೆ ಮಾಡುತ್ತಿದ್ದೆವು. ಮಕ್ಕಳು ತಾಟಿನ ಸುತ್ತ ಬೆರಳಾಡಿಸಿ ಎದ್ದು ಹೋಗುತ್ತಿದ್ದವು. ಒಂದು ದಿನ ಒಲೆ ಜೋರಾಗಿ ತಳ ಹತ್ತಿತು. ಸೌಟಿನಿಂದ ಕೆರೆದು ತೆಗೆದ ಕೆಂಪು ಪದರವನ್ನು ಚೆಲ್ಲಲು ಹೊರಟರೆ ಮಕ್ಕಳು ಅದಕ್ಕೆ ಮುಗಿಬಿದ್ದವು. ಕರುಂ ಕುರುಂ ಎಂದು ತಿಂದು ಇನ್ನೂ ಬೇಕು ಎಂದು ಕೈ ಚಾಚಿದವು. ನನಗೆ ಮೊದಲು ಅನ್ನಿಸಿದ್ದು, ಈ ಊರಿನ ಮಕ್ಕಳಿಗೆ ರುಚಿಯೇ ತಿಳಿಯದು ಎಂದು. ರೊಟ್ಟಿ ತಿಂದು ಬೆಳೆಯುವ ಬಾಯಿಗೆ ಒಂದಿಷ್ಟು ಕೆಲಸವೂ ಬೇಕು ಎನ್ನುವುದು ಹೊಳೆಯಲು ಬಹಳ ಕಾಲ ಹಿಡಿಯಿತು.

ಹೊಳೆಯಲಿಲ್ಲ ಎನ್ನುವುದಕ್ಕೆ ದೇವದುರ್ಗದ ನನ್ನ ಮಿಕ್ಸಿ ಪ್ರಸಂಗವೇ ಸಾಕ್ಷಿ. ಮೇಲ್ವಿಚಾರಕಿಯಾದ ಹೊಸದರ ಹುರುಪು. ತಾಯಂದಿರಿಗೆ ಅಡುಗೆ ಮಾಡಿ ತೋರಿಸಬೇಕು ಎಂದು ಆದೇಶ ಬಂದಿತ್ತು. ನಾನು ರಾಯಚೂರಿನಿಂದ ಬೀಟ್ರೂಟು, ಗಜ್ಜರಿ, ನನ್ನ ಸ್ವಂತ ಮಿಕ್ಸಿ ಎಲ್ಲವನ್ನೂ ಬಸ್ಸಿನಲ್ಲಿ ಹೊತ್ತುಕೊಂಡು ಒಂದು ಹಳ್ಳಿಗೆ ಹೋದೆ. ಹೋದರೆ ಕರೆಂಟಿಲ್ಲ. ಹತ್ತಿ ಬಿಡಿಸುವ ಕೆಲಸ ಬಿಟ್ಟು ಬಂದ ಹೆಣ್ಣುಮಕ್ಕಳು ಮಿಕ್ಸಿಯನ್ನು ನೋಡುತ್ತ, ನನ್ನನ್ನು ನೋಡುತ್ತ ಕುಳಿತರು. ಕರೆಂಟು ಬಂದ ಮೇಲೆ ನುಣ್ಣಗೆ ರುಬ್ಬಿ, ಒಂದು ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು, ಭಾಷಣ ಮಾಡುತ್ತಲೇ ಚಮಚ ಬಾಯಿಗಿಟ್ಟೆ. ಕೂಸು ಮುಖ ಕಿವುಚಿ ಪೂರಾ ನನ್ನ ಸೀರೆಯ ಮೇಲೆ ಉಗಿಯಿತು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಒಬ್ಬಾಕೆ ಮಾತ್ರ ಮುಚ್ಚುಮರೆ ಇಲ್ಲದೆ, "ಯವ್ವಾ, ಮೇಡಂನೋರ ಸೀರಿನ ಉಂಡಂಗ ಆತು" ಎಂದಳು. ಆಮೇಲೆ ಆ ಸೀಮೆಯಲ್ಲಿ ನನಗೆ ಮಿಕ್ಸಿ ಮೇಡಂ ಎಂದೇ ಹೆಸರು.

ಆಗ ನಮ್ಮ ಮೇಲೆ ಇದ್ದ ಅಧಿಕಾರಿಯನ್ನು ನಾವೆಲ್ಲ ದೊಡ್ಡ ಮೇಡಂ ಎನ್ನುತ್ತಿದ್ದೆವು. ಧಾರವಾಡದ ಕಡೆಯವರು, ಮಾತು ಕಡಕ್. ಅವರ ಜೀಪು ಬೇರೆ ಅಧಿಕಾರಿಗಳ ಜೀಪಿನಂತೆ ಕಡತ ನೋಡುವ ಹೊತ್ತಿಗೆ ಬರುತ್ತಿರಲಿಲ್ಲ, ಮಕ್ಕಳ ಊಟದ ಹೊತ್ತಿಗೆ ಬಂದು ನಿಲ್ಲುತ್ತಿತ್ತು. ಮಕ್ಕಳ ಸಾಲಿನಲ್ಲೇ ನೆಲದ ಮೇಲೆ ಕೂತು ಉಣ್ಣುತ್ತಿದ್ದರು. ಉಪ್ಪು ಕಡಿಮೆಯಾದರೆ ಟೀಚರಿಗೆ ಬೈಗುಳ, ಹೆಚ್ಚಾದರೆ ನನಗೆ ಬೈಗುಳ. ನನ್ನ ಕೆಂಪು ಸೀರೆಯ ಕಥೆ ಅವರ ಕಿವಿಗೂ ಬಿದ್ದಿತ್ತು.

"ಶಾಂತಮ್ಮ, ಕೂಸು ಉಗುಳಿದ್ದು ನಿಮ್ಮ ಸೀರಿ ಮ್ಯಾಲೆ. ನೀವು ಸೀರಿ ನೋಡಿಕೋತ ಕೂತ್ರಿ. ಅದರ ಬಾಯಾಗ ಏನಾತು, ಅದನ್ನ ನೋಡಿದ್ರೇನು?"

"ಇಲ್ರೀ ಮೇಡಂ."

"ನೋಡ್ರಿ ಮತ್ತ. ಹೊಸಾ ರುಚಿ ಬಾಯಿಗೆ ಬಿದ್ರ ನಾಲಿಗಿ ಮದಲ ಹೊರಗ ದಬ್ಬತದ. ಬ್ಯಾಡ ಅಂತಲ್ಲ, ನೀ ಯಾರು ಅಂತ ಕೇಳತದ. ನಾಳಿಗೆ ಮತ್ತ ಕೊಡಬೇಕು, ನಾಡದಿಗೂ ಕೊಡಬೇಕು. ತಾಟು ನೋಡಿದ್ರ ಎಷ್ಟು ಉಂಡದ ಅಷ್ಟ ಗೊತ್ತಾಗತದ. ಬಾಯಿ ನೋಡಿದ್ರ ಯಾಕ ಉಣ್ಣಲಿಲ್ಲ ಅದು ಗೊತ್ತಾಗತದ."

ತಲೆ ಅಲ್ಲಾಡಿಸಿ ಬಂದೆ. ಬೈಗುಳದ ಜೊತೆಗೆ ಬಂದ ಬುದ್ಧಿವಾದವನ್ನು ಯಾರು ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ? ಆದರೂ ಊಟದ ಹೊತ್ತಿಗೆ ಹೋಗಿ ಕೂರುವ ಅಭ್ಯಾಸ ಮಾತ್ರ ಅಂಟಿಕೊಂಡಿತು. ಕಾಲ ಬದಲಾಯಿತು. ಬಾಗಿಲ ತೊಲೆಗೆ ಕೊಕ್ಕೆ ತಕ್ಕಡಿ ಕಟ್ಟಿ, ಚಡ್ಡಿಯಂಥ ಚೀಲದಲ್ಲಿ ಕೂಸನ್ನು ತೂಗಿಬಿಟ್ಟು, ಅದು ಚೀರುತ್ತಿರುವಾಗಲೇ ಮುಳ್ಳು ಓದುತ್ತಿದ್ದ ಕಾಲ ಹೋಯಿತು. ಈಗ ಕೂಸನ್ನು ನಿಲ್ಲಿಸಿದರೆ ಅಂಕಿ ಮಿಂಚುತ್ತದೆ, ಅದನ್ನು ಮೊಬೈಲಿಗೆ ಹಾಕಿದರೆ ಹಸಿರೋ ಹಳದಿಯೋ ಕೆಂಪೋ ಎಂದು ಅದೇ ಹೇಳುತ್ತದೆ. ಒಳ್ಳೆಯದೇ ಆಯಿತು. ಆದರೆ ಮೊಬೈಲು ಬಣ್ಣ ಹೇಳುತ್ತದೆ, ಕಾರಣ ಹೇಳುವುದಿಲ್ಲ. ಅದಕ್ಕೆ ಮನೆಯೊಳಗೆ ಹೋಗಬೇಕು.

ಹಾಗೆ ನಾನು ಹೋದ ಮನೆಗಳಲ್ಲಿ ಒಂದನ್ನು ಇಲ್ಲಿ ಪೂರ್ತಿ ಹೇಳುತ್ತೇನೆ. ನಿವೃತ್ತಿಗೆ ಮೊದಲಿನ ಕಡೆಯ ವರ್ಷದ ಮಾತು. ರಾಯಚೂರಿನ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಇಸ್ಮಾಯಿಲ್ ಎಂಬುವರದು ಮಂಡಾಳಿನ ಅಂಗಡಿ. ಮಂಡಾಳು ಎಂದರೆ ಗೊತ್ತಲ್ಲ, ನಮ್ಮ ಕಡೆ ಬೆಳಗಾದರೆ ಒಗ್ಗರಣೆ ಹಾಕಿ ಮಿರ್ಚಿ ಜೊತೆ ತಿನ್ನುವುದು, ಬೇರೆ ಕಡೆ ಚುರುಮುರಿ, ಮಂಡಕ್ಕಿ ಎನ್ನುತ್ತಾರೆ. ಅಂಗಡಿಯ ಬೆನ್ನಿಗೆ ಅಕ್ಕಿ ಹುರಿಯುವ ಭಟ್ಟಿ, ಅದರ ಬೆನ್ನಿಗೆ ಮನೆ. ಮನೆಯಲ್ಲಿ ಇಸ್ಮಾಯಿಲರ ತಾಯಿ ಖಾಜಾಬಿ, ಹೆಂಡತಿ ನಸ್ರೀನ್, ಎರಡೂವರೆ ವರ್ಷದ ಮಗ ಅಯಾನ್. ನಸ್ರೀನ್ ಮತ್ತೆ ಬಸುರಿ, ತಿಂಗಳು ತುಂಬುತ್ತ ಬಂದಿತ್ತು.

ಅಯಾನ್ ಕೆಂಪು ಬಣ್ಣಕ್ಕೆ, ಅಂದರೆ ತೀರಾ ಕಡಿಮೆ ತೂಕಕ್ಕೆ, ಇಳಿದಿದ್ದ. ಆಸ್ಪತ್ರೆಯಲ್ಲಿ ಡಾಕ್ಟರು ಗಂಟಲು, ಹೊಟ್ಟೆ, ರಕ್ತ ಎಲ್ಲ ನೋಡಿ ಯಾವ ರೋಗವೂ ಇಲ್ಲ ಎಂದರು. ಇನ್ನೆರಡು ಸಲ ತೂಗುವ ತನಕ ನೋಡೋಣ, ಆಗಲೂ ಏರದಿದ್ದರೆ ಅಪೌಷ್ಟಿಕ ಮಕ್ಕಳ ವಾರ್ಡಿಗೆ ಸೇರಿಸಬೇಕು, ತಾಯಿ ಜೊತೆಗಿರಬೇಕು ಎಂದರು. ತಾಯಿ ಹೇಗೆ ಇರುತ್ತಾಳೆ? ಅವಳ ದಿನ ಹತ್ತಿರ ಬಂದಿವೆ. ಅಜ್ಜಿಗೆ ಮೊಣಕಾಲು ನೋವು, ನೆಲದಿಂದ ಏಳಬೇಕಾದರೆ ಗೋಡೆ ಹಿಡಿಯಬೇಕು. ನಸ್ರೀನ್ ನನ್ನ ಕೈ ಹಿಡಿದುಕೊಂಡು, "ಮೇಡಂ, ಹೆರಿಗೆ ಮನಿಯಾಗ ನಾನು, ವಾರ್ಡ್‌ನ್ಯಾಗ ಇವ. ನನಗ ಇವನ್ನ ಬಿಟ್ಟಿರಾಕ ಆಗಂಗಿಲ್ರೀ. ಎಲ್ಲಾರೂ ನನಗ ಅಂತಾರ, ಮಗನಿಗೆ ಉಣ್ಸಾಕ ಬರಂಗಿಲ್ಲ ಅಂತ" ಎಂದು ಅತ್ತಳು. ನಾನು ಧೈರ್ಯ ಹೇಳಿದೆ. ಒಳಗೊಳಗೇ ನನಗೂ ಅಂಜಿಕೆಯಾಗಿತ್ತು.

ಹುಡುಗ ತಿನ್ನುತ್ತಿದ್ದದ್ದು ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿದ ಖಿಚಡಿ, ಚಹಾದಲ್ಲಿ ನೆನೆದು ಕರಗಿದ ಬಿಸ್ಕತ್ತು, ಹಿಸುಕಿದ ಬಾಳೆಹಣ್ಣು. ಇಷ್ಟೇ. ಮಿಕ್ಸಿಯ ಸದ್ದು ಕೇಳಿದರೆ ಎಲ್ಲಿದ್ದರೂ ಓಡಿ ಬಂದು ತಾಟಿನ ಮುಂದೆ ಕೂರುತ್ತಿದ್ದ. ಅದನ್ನು ನೋಡಿ ನನಗೆ ದೇವದುರ್ಗ ನೆನಪಾಗಿ ಮೈ ಪರಚಿಕೊಳ್ಳುವಂತಾಯಿತು. ಒಂದು ಇಡೀ ಕಾಳು ಬಾಯಿಗೆ ಸಿಕ್ಕರೆ ಸಾಕು, ಓಕರಿಕೆ, ಅಳು, ಊಟ ಬಂದ್.

"ಇದು ಯಾವಾಗಿಂದ?" ಎಂದು ಕೇಳಿದೆ.

ಖಾಜಾಬಿ ಹಣೆಗೆ ಕೈ ಹಚ್ಚಿಕೊಂಡರು. "ಅಂಬೆಗಾಲು ಇಡೂವಾಗ ಯಾರೋ ಒಗ್ಗರಣಿ ಮಂಡಾಳು ಒಂದು ಚಿಟಿಕಿ ಬಾಯಾಗ ಹಾಕಿಬಿಟ್ರು ಮೇಡಮ್ಮಾ. ಗಂಟಲಾಗ ಸಿಕ್ಕು ನೀಲಿ ಬಣ್ಣ ಆದ. ಇಸ್ಮಾಯಿಲ್ ಬೋರಲು ಹಿಡದು ಬೆನ್ನಿಗೆ ಹೊಡದ. ಅಲ್ಲಾನ ಉಳಿಸಿದ. ಅವತ್ತೇ ಹೇಳಿಬಿಟ್ಟೆ, ಮಂಡಾಳು ಈ ಹೊಸ್ತಿಲಾ ದಾಟಬಾರದು ಅಂತ. ನಕ್ಕೊ ಅಂದ್ರ ನಕ್ಕೊ."

ಬೇಡವೆಂದರೆ ಬೇಡ ಎಂಬ ಆ ಆಜ್ಞೆಯನ್ನು ಆ ಮನೆಯಲ್ಲಿ ಹೇಗೆ ಪಾಲಿಸುತ್ತಿದ್ದರೆಂದರೆ, ಇಸ್ಮಾಯಿಲ್ ಊಟಕ್ಕೆ ಒಳಗೆ ಬರುತ್ತಲೇ ಇರಲಿಲ್ಲ, ಅಂಗಡಿಗೇ ಡಬ್ಬಿ ಹೋಗುತ್ತಿತ್ತು. ರಾತ್ರಿ ಒಳಗೆ ಬರುವ ಮುಂಚೆ ಅಂಗಿ ಜಾಡಿಸಿ, ಜೇಬು ಹೊರಮಗ್ಗುಲು ಮಾಡಿ, ಕಾಲು ತೊಳೆದು ಬರಬೇಕು. ಹೊರಗೆ ಆಳೆತ್ತರದ ಮಂಡಾಳು ಚೀಲಗಳ ರಾಶಿ, ಒಳಗೆ ಒಂದು ಕಾಳಿಗೂ ಪ್ರವೇಶವಿಲ್ಲ. ಅವತ್ತು ಬೆನ್ನಿಗೆ ಹೊಡೆದಾಗ ಹೊರಬಿದ್ದದ್ದು ಏನು ಎಂದು ಇಸ್ಮಾಯಿಲರನ್ನು ಕೇಳಿದೆ. "ಅರ್ಧಾ ಶೇಂಗಾ ಬೀಜ ಇತ್ರೀ ಮೇಡಂ" ಎಂದರು. ತಪ್ಪು ಮಾಡಿದ್ದು ಒಗ್ಗರಣೆಯ ಶೇಂಗಾ, ಗಡೀಪಾರಾದದ್ದು ಮಂಡಾಳು. ಆದರೆ ಮೊಮ್ಮಗ ನೀಲಿಯಾದದ್ದನ್ನು ಕಣ್ಣಾರೆ ಕಂಡ ಅಜ್ಜಿಯ ಅಂಜಿಕೆಗೆ ನಾನು ನಗಲಾರೆ. ನೀವೂ ನಗಬೇಡಿ. ಸಣ್ಣ ಮಕ್ಕಳ ಬಾಯಿಗೆ ಇಡೀ ಶೇಂಗಾ ಹಾಕಬಾರದು ಎಂದು ಇವತ್ತಿಗೂ ನಾನು ಕಂಡ ಕಂಡ ಮನೆಯಲ್ಲಿ ಹೇಳುತ್ತೇನೆ.

ಮೊದಲು ನನಗೆ ಗೊತ್ತಿದ್ದ ಉಪಾಯಗಳನ್ನೆಲ್ಲ ಮಾಡಿದೆ. ದಿನಾ ಒಂದೊಂದು ಸುತ್ತು ಕಡಿಮೆ ರುಬ್ಬು, ಅವನಿಗೆ ಗೊತ್ತಾಗದಂತೆ ತರಿ ಹೆಚ್ಚಿಸು ಎಂದು ನಸ್ರೀನ್‌ಗೆ ಹೇಳಿಕೊಟ್ಟೆ. ಗೊತ್ತಾಗದೆ ಇರಲು ಅವನೇನು ದಡ್ಡನೇ? ಇಡೀ ತುತ್ತಿನಲ್ಲಿ ಒಂದೇ ಒಂದು ಬೇಳೆಯನ್ನು ನಾಲಿಗೆಯಿಂದ ಹುಡುಕಿ ತೆಗೆದು ನನ್ನ ಅಂಗೈಯಲ್ಲಿ ಇಟ್ಟ. ಇದು ನಿಮ್ಮದು, ನೀವೇ ಇಟ್ಟುಕೊಳ್ಳಿ ಎನ್ನುವಂತಿತ್ತು ಅವನ ಮುಖ. ಜೋಳದ ನುಚ್ಚು ಕೊಟ್ಟು ನೋಡಿದೆವು, ಅನ್ನ ಮೊಸರು ಕಲಸಿ ನೋಡಿದೆವು. ನನಗೆ ಸಿಟ್ಟೇ ಬಂದುಬಿಟ್ಟಿತು. ಮೊದಲ ತೂಕದ ದಿನ ಬಂತು, ಅಂಕಿ ಏರಲಿಲ್ಲ. ಉಳಿದದ್ದು ಇನ್ನೊಂದೇ ತೂಕ.

ಆಗ ನೆನಪಾದವರು ದೊಡ್ಡ ಮೇಡಂ. ಇಷ್ಟು ದಿನ ನಾನು ನೋಡಿದ್ದೆಲ್ಲ ತಾಟನ್ನೇ. ಖಾಜಾಬಿಯವರಿಗೆ, "ಅಮ್ಮಾ, ನಾಳೆ ಮಧ್ಯಾಹ್ನ ನಿಮ್ಮ ಮನಿಗೇ ಊಟಕ್ಕ ಬರ್ತೀನಿ, ಹಾಕ್ತೀರೇನು?" ಎಂದು ಕೇಳಿದೆ.

"ಹೌ! ಕೇಳೂದು ಏನದ ಇದ್ರಾಗ? ಬರ್ರಿ!" ಎಂದರು. ಮಾರನೆಯ ದಿನ ಊಟದ ಬಟ್ಟೆ ದಸ್ತರಖಾನ್ ಹಾಸಿ, ನನಗೆ ಖಿಚಡಿ, ಹುಣಸೆ ಹುಳಿಯ ಖಟ್ಟಾ, ಸುಟ್ಟ ಹಪ್ಪಳ ಬಡಿಸಿದರು. ನಸ್ರೀನ್ ಬಡಿಸಿ ಅಡುಗೆಮನೆಗೆ ಹೋದಳು. ಅವಳು ಉಣ್ಣುವುದು ಎಲ್ಲರದೂ ಮುಗಿದ ಮೇಲೆ, ಒಲೆಯ ಕಡೆ ಮುಖ ಮಾಡಿ. ಖಾಜಾಬಿ ಮೊಮ್ಮಗನನ್ನು ಎದುರಿಗೆ ಕೂರಿಸಿಕೊಂಡು, ಒಂದೇ ತಾಟಿನಲ್ಲಿ ಇಬ್ಬರಿಗೂ ರುಬ್ಬಿದ ಖಿಚಡಿ ಹಾಕಿಕೊಂಡರು. ಹಾಲು ಬಿಡಿಸಿದಾಗಿನಿಂದ ಹಾಗೆಯೇ ಅಂತೆ. ಒಂದು ತುತ್ತು ಅವನಿಗೆ, ಒಂದು ತುತ್ತು ಅವರಿಗೆ.

ನಾನು ಅವನ ಬಾಯಿ ನೋಡತೊಡಗಿದೆ. ತುಟಿ ಒಳಕ್ಕೆ ಎಳೆದುಕೊಂಡ. ಗಲ್ಲ ಗುಳಿಬಿತ್ತು. ನಾಲಿಗೆಯಿಂದ ತುತ್ತನ್ನು ಅಂಗುಳಕ್ಕೆ ಒತ್ತಿ, ಚಪ್ ಎಂದು ಹೀರಿ ನುಂಗಿದ. ದವಡೆ ಅಲುಗಲೇ ಇಲ್ಲ. ಇಂಥ ಉಣ್ಣುವಿಕೆಯನ್ನು ಎಲ್ಲೋ ನೋಡಿದ್ದೇನಲ್ಲ ಎಂದುಕೊಂಡು ಕಣ್ಣೆತ್ತಿದರೆ ಎದುರಿಗೇ ಇತ್ತು. ಖಾಜಾಬಿಯವರ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ಅದೇ ಒಳಸೇರಿದ ತುಟಿ, ಅದೇ ಗುಳಿಬಿದ್ದ ಗಲ್ಲ, ಅದೇ ಚಪ್ ಸದ್ದು. ಕೊನೆಗೆ ಮಣಿಕಟ್ಟಿನಿಂದ ಬಾಯಿಯ ಮೂಲೆ ಒರೆಸಿಕೊಳ್ಳುವುದೂ ಇಬ್ಬರದೂ ಒಂದೇ ರೀತಿ. ಬಾಯಿ ತುಂಬ ಹಾಲುಹಲ್ಲು ಇಟ್ಟುಕೊಂಡು ಹುಡುಗ ಹಲ್ಲಿಲ್ಲದ ಮುದುಕಿಯಂತೆ ಉಣ್ಣುತ್ತಿದ್ದ. ಅಪ್ಪ ಉಣ್ಣುವುದು ಅಂಗಡಿಯಲ್ಲಿ, ಅಮ್ಮ ಉಣ್ಣುವುದು ಬೆನ್ನು ತಿರುಗಿಸಿ. ಅವನು ಹುಟ್ಟಿದಾಗಿನಿಂದ ಹತ್ತಿರ ಕೂತು ನೋಡಿದ ಉಣ್ಣುವ ಬಾಯಿ ಅಂದರೆ ಇದೊಂದೇ. ಅವನು ಹಟ ಮಾಡುತ್ತಿರಲಿಲ್ಲ. ಕಲಿತ ಪಾಠವನ್ನು ತಪ್ಪಿಲ್ಲದೆ ಒಪ್ಪಿಸುತ್ತಿದ್ದ.

ನನಗೆ ನಗು ತಡೆಯಲಾಗಲಿಲ್ಲ. ಜಾಣರಾಗಿದ್ದರೆ ಆ ಮಾತನ್ನು ಸುತ್ತಿ ಬಳಸಿ, ಮುದುಕಿಗೆ ನೋಯದಂತೆ ಹೇಳುತ್ತಿದ್ದರು. ನನ್ನ ಬಾಯಿಗೆ ಜಾಣತನ ಯಾವತ್ತೂ ಹತ್ತಿದ್ದಲ್ಲ. "ಅಮ್ಮಾ, ಇವ ನಿಮ್ಮನ್ನ ನೋಡಿ ಕಲ್ತಾನ! ನಿಮ್ಮಂಗ ಉಣ್ಣಾಕತ್ತಾನ!" ಎಂದುಬಿಟ್ಟೆ.

ಖಾಜಾಬಿಯವರ ಕೈ ತಾಟಿನಲ್ಲೇ ನಿಂತಿತು. "ಅಂದ್ರ? ನಾನ ಇವನ್ನ ಕೆಡಿಸೀನಿ ಅಂತೀರೇನು?"

"ಹಂಗಲ್ಲಮ್ಮಾ..."

"ಇವನ ಮ್ಯಾಲೆ ಜೀವಾ ಇಟ್ಟಾಕಿ ನಾನು. ನಾನ ಇವನ್ನ ಒಣಗಿಸೀನಿ? ಸಾಕು ಮೇಡಮ್ಮಾ, ನೀವು ಹೋಗ್ರಿ." ಗೋಡೆ ಹಿಡಿದು ಎದ್ದು, ಹುಡುಗನನ್ನು ಕರೆದುಕೊಂಡು ಒಳಕೋಣೆಗೆ ಹೋದರು. ನನ್ನ ತಾಟಿನಲ್ಲಿ ಹಪ್ಪಳ ಅರ್ಧ ಉಳಿದಿತ್ತು. ಅದನ್ನು ತಿನ್ನಲೂ ಆಗದೆ ಬಿಡಲೂ ಆಗದೆ ಎದ್ದು ಬಂದೆ.

ಆಮೇಲೆ ಆ ಬಾಗಿಲು ನನಗೆ ತೆರೆಯಲಿಲ್ಲ. ಎರಡು ಸಲ ಹೋಗಿ ಅಂಗಡಿಯಿಂದಲೇ ವಾಪಸು ಬಂದೆ. ಇಸ್ಮಾಯಿಲ್ ಮುಜುಗರದಿಂದ, "ಅಮ್ಮಾ ಸಿಟ್ಟಾಗ್ಯಾರ್ರೀ" ಎಂದು ಒಂದು ಪೊಟ್ಟಣ ಹುರಿದ ಪುಟಾಣಿ ಕಾಳು ಕೈಗೆ ಕೊಟ್ಟು ಕಳಿಸಿದರು. ಮುಂದಿನ ತೂಕದ ದಿನ ಓಡಿ ಬರುತ್ತಿತ್ತು. ಆ ವಾರ ನಾನು ಮನೆಯಲ್ಲಿ ಎಲ್ಲರ ಮೇಲೂ ಹರಿಹಾಯ್ದೆ. ಹುಡುಗ ಅಗಿಯದ ಕಾರಣ ಸಿಕ್ಕಿತ್ತು, ಅದೇ ಮಾತಿನಿಂದ ಅವನ ಬಾಗಿಲೂ ಮುಚ್ಚಿತ್ತು.

ಒಂದು ಬೆಳಿಗ್ಗೆ ಆ ಓಣಿಯ ಅಂಗನವಾಡಿಯಲ್ಲಿ ನಾನು ಕೂತಿದ್ದಾಗ, ಖಾಜಾಬಿ ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಮೊಮ್ಮಗನ ಬೆರಳು ಹಿಡಿದು ಬಂದರು. ನನ್ನ ಕಡೆ ನೋಡಲಿಲ್ಲ. ಹೊಸ್ತಿಲ ಪಕ್ಕ ಕೂತು, "ಉಳಿದ ಹುಡುಗ್ರು ಹ್ಯಾಂಗ ಉಣ್ತಾವ ನೋಡೂನು ಅಂತ ಬಂದೀನಿ" ಎಂದು ಟೀಚರಿಗೆ ಹೇಳಿದರು. ಅವತ್ತು ಕಡಲೆ ಗುಗ್ಗರಿ. ಮಕ್ಕಳು ಸಾಲಾಗಿ ಕೂತು ಅಗಿಯತೊಡಗಿದವು. ಅಯಾನ್ ಮೊದಲು ಅಜ್ಜಿಯ ಸೆರಗಿನೊಳಗಿಂದ ನೋಡಿದ. ಆಮೇಲೆ ಎದ್ದು ಹೋಗಿ ಪಲ್ಲವಿ ಎಂಬ ಹುಡುಗಿಯ ಎದುರು ಕುಕ್ಕರುಗಾಲಲ್ಲಿ ಕೂತ. ಅವಳ ಗಲ್ಲ ಉಬ್ಬುವುದು, ಇಳಿಯುವುದು ನೋಡಿದ. ಕೈ ಚಾಚಿ ಅವಳ ಗಲ್ಲದ ಮೇಲೆ ಅಂಗೈ ಇಟ್ಟ. ಆ ಹುಡುಗಿ ಗಟ್ಟಿಗಿತ್ತಿ, ಕೈ ತಳ್ಳದೆ ಇನ್ನಷ್ಟು ಜೋರಾಗಿ ಅಗಿದು ತೋರಿಸಿದಳು.

ಖಾಜಾಬಿ ತಮ್ಮ ಕೈಯನ್ನು ತಮ್ಮ ಗಲ್ಲದ ಮೇಲೆ ಇಟ್ಟುಕೊಂಡಿದ್ದರು. ಹಾಗೆಯೇ ನನ್ನ ಕಡೆ ತಿರುಗಿ, "ನೀವು ಅಂದದ್ದು ಖರೇ ಅದ ಮೇಡಮ್ಮಾ. ಏನ್ ಮಾಡ್ಲಿ ಹೇಳ್ರಿ" ಎಂದರು. ಹಾಗೆ ಹೇಳಲು ಎಂಥ ಎದೆ ಬೇಕು ಎಂದು ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ.

ಅವತ್ತಿನಿಂದ ನಸ್ರೀನ್ ಮಗನ ಎದುರು ಕೂತು ಉಣ್ಣತೊಡಗಿದಳು. ಮಂಡಾಳಿನ ಮೇಲಿನ ಬಹಿಷ್ಕಾರ ತೆಗೆಯಬೇಕು ಎಂದೆ, ಶೇಂಗಾ ಆರಿಸಿ ತೆಗೆದ ಬರೀ ಮಂಡಾಳು. ಖಾಜಾಬಿ ಹೌಹಾರಿದರು. ಒಂದು ಕಾಳನ್ನು ನನ್ನ ನಾಲಿಗೆಯ ಮೇಲೆ ಇಟ್ಟುಕೊಂಡು, ಅಗಿಯದೆ ಬಾಯಿ ತೆರೆದು ಅವರಿಗೆ ತೋರಿಸಿದೆ. ಎಂಜಲು ತಾಕಿದ ಕೂಡಲೇ ಅದು ಮೆತ್ತಗಾಗಿ ಕರಗಿತು. ಅಗಿಯಲು ಬಾರದವನಿಗೆ ಇದಕ್ಕಿಂತ ಒಳ್ಳೆಯ ಮೊದಲ ತುತ್ತು ರಾಯಚೂರಿನಲ್ಲಿ ಎಲ್ಲಿ ಸಿಗಬೇಕು! ಅಗಿದರೆ ಕುರುಂ ಎನ್ನುತ್ತದೆ, ಅಗಿಯದಿದ್ದರೆ ತಾನೇ ಸೋಲುತ್ತದೆ.

ಆದರೂ ನೇರವಾಗಿ ಬಾಯಿಗೆ ಹಾಕಲಿಲ್ಲ. ಮೊದಲು ಇಸ್ಮಾಯಿಲ್ ಒಂದು ಬುಟ್ಟಿ ತುಂಬ ಮಂಡಾಳು ತಂದು ನೆಲಕ್ಕೆ ಸುರಿದರು. ಹುಡುಗ ಕೈ ಮುಳುಗಿಸಿದ, ಎರಚಿದ, ಕಾಲಿನಿಂದ ತುಳಿದ. ಮಗನ ಮುಂದೆ ಅಂಗಿ ಜಾಡಿಸದೆ ಕೂತ ಸಂತೋಷಕ್ಕೆ ಅಪ್ಪನೂ ಎರಚಿದರು. ಕೈಗೆ ಪರಿಚಯವಾದ ಮೇಲೆ ತುಟಿಗೆ, ಆಮೇಲೆ ನಾಲಿಗೆಗೆ. ಮೂರು ನಾಲ್ಕು ದಿನ ಹೀರಿ ನುಂಗಿದ. ಒಂದು ದಿನ ನಸ್ರೀನ್ ಎದುರಿಗೆ ಕೂತು ಅಗಿಯುತ್ತಿದ್ದಾಗ ಅವನ ಬಾಯಿಂದಲೂ ಕುರುಂ ಎಂಬ ಸದ್ದು ಬಂತು. ಹುಡುಗ ಬೆಚ್ಚಿಬಿದ್ದ. ಹಿಂದೆ ತಿರುಗಿ ನೋಡಿದ, ಬಾಗಿಲ ಕಡೆ ನೋಡಿದ. ಆಮೇಲೆ ಇನ್ನೊಂದು ಕಾಳು ಹಾಕಿಕೊಂಡು ಮತ್ತೆ ಸದ್ದು ಮಾಡಿ, ಅದು ತನ್ನದೇ ಎಂದು ತಿಳಿದಾಗ ನಕ್ಕ ನಗೆಯನ್ನು ನೀವು ನೋಡಬೇಕಿತ್ತು. ನಸ್ರೀನ್ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಇಲ್ಲಿಗೆ ಗೆದ್ದೆವು ಎಂದುಕೊಂಡರೆ ಕೆಟ್ಟಿರಿ. ಮಧ್ಯಾಹ್ನ ತಾಯಿಯ ಎದುರು ಅಗಿಯುವವನು ಸಂಜೆಯ ಊಟಕ್ಕೆ ಅಜ್ಜಿಯ ತಾಟಿಗೇ ಹೋಗಿ ಕೂರುತ್ತಿದ್ದ, ಕೂತ ಕೂಡಲೇ ತುಟಿ ಒಳಗೆ, ಚಪ್ ಚಪ್. ಹಾಗಾಗಿ ಖಾಜಾಬಿ ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಒಬ್ಬರೇ ಉಣ್ಣತೊಡಗಿದರು. ಹುಡುಗ ಬಾಗಿಲು ಬಡಿದು, "ದಾದೀ, ದಾದೀ" ಎಂದು ಅತ್ತು, ಸಂಜೆಯ ಊಟವನ್ನೇ ಬಿಟ್ಟ. ಒಳಗೆ ಅಜ್ಜಿಗೂ ತುತ್ತು ಇಳಿಯಲಿಲ್ಲ. ಮಧ್ಯಾಹ್ನ ಗಳಿಸಿದ್ದು ಸಂಜೆ ಹೋಗುತ್ತಿತ್ತು. ಇಬ್ಬರನ್ನು ಬೇರೆ ಮಾಡಿದ್ದು ನನ್ನ ಸಲಹೆ, ಅದು ತಪ್ಪಾಗಿತ್ತು. ಊಟದ ರುಚಿಯಲ್ಲಿ ಅರ್ಧ ಪಾಲು ಎದುರಿಗೆ ಕೂತವರದು. ಆ ಪಾಲನ್ನೇ ತೆಗೆದರೆ ಉಳಿದ ಅರ್ಧ ಗಂಟಲಲ್ಲಿ ಇಳಿಯುವುದಿಲ್ಲ.

ದಾರಿ ಹುಡುಕಿದವರು ಖಾಜಾಬಿಯೇ. ಹಲ್ಲು ಕಟ್ಟಿಸಿಕೋ ಎಂದು ಮಗ ವರ್ಷಗಟ್ಟಲೆ ಬೇಡಿಕೊಂಡಾಗ, "ಕಬರಸ್ತಾನಕ್ಕ ಹೋಗಾಕಿಗೆ ಹಲ್ಲು ಯಾಕ ಬೇ? ಅಲ್ಲೇನು ಔತಣ ಅದ?" ಎಂದು ಬಾಯಿ ಮುಚ್ಚಿಸಿದವರು, ಈಗ ತಾವೇ ಬುರ್ಖಾ ಹಾಕಿಕೊಂಡು, "ಆಟೋ ಕರಿ" ಎಂದರಂತೆ. ಹಲ್ಲಿನ ಆಸ್ಪತ್ರೆಗೆ ಹೋಗಿ ಅಳತೆ ಕೊಟ್ಟು ಬಂದರು. ಕೆಲವೇ ದಿನಗಳಲ್ಲಿ ಹೊಸ ಹಲ್ಲು ಬಂದವು.

ಹಾಕಿಕೊಂಡು ಕೂತ ದಿನ ನಾನು ಅಲ್ಲೇ ಇದ್ದೆ. ಮಾತಾಡಿದರೆ ಕಟಕಟ ಸದ್ದು. ಒಸಡು ನೋಯುತ್ತದೆ, ರುಚಿಯೇ ತಿಳಿಯುತ್ತಿಲ್ಲ, ಬಾಯಲ್ಲಿ ಯಾರೋ ಬಾಡಿಗೆಗೆ ಬಂದಂತಿದೆ ಎಂದು ದೂರಿದರು. ಮೊದಲು ಮೆತ್ತನೆಯದು, ಆಮೇಲೆ ಸ್ವಲ್ಪ ತರಿ, ಆಮೇಲೆ ಗಟ್ಟಿ, ಎರಡೂ ಮಗ್ಗುಲಿಂದ ನಿಧಾನ ಅಗಿಯಬೇಕು ಎಂದು ಹಲ್ಲಿನ ಡಾಕ್ಟರು ಹೇಳಿ ಕಳಿಸಿದ್ದರು. ನಾನು ಮೊಮ್ಮಗನಿಗೆ ಹೇಳಿದ್ದೂ ಅದೇ. ಅಜ್ಜಿ ಮೊಮ್ಮಗ ಇಬ್ಬರೂ ಒಂದೇ ಇಯತ್ತೆಗೆ ಸೇರಿದಂತಾಯಿತು. ಅಯಾನ್ ಅಜ್ಜಿಯ ತುಟಿ ಬೆರಳಿನಿಂದ ಎತ್ತಿ ಒಳಗೆ ನೋಡಿದ. ತನ್ನ ಹಲ್ಲು ಮುಟ್ಟಿಕೊಂಡ. ಮತ್ತೆ ಅವರದು ಮುಟ್ಟಿದ.

"ನೋಡ್ಲೇ ಬೇಟಾ, ನನಗೂ ಬಂದಾವ" ಎಂದರು ಖಾಜಾಬಿ. ಒಂದೇ ತಾಟು ಮತ್ತೆ ನಡುವೆ ಬಂತು. ಮಿಕ್ಸಿ ಅಟ್ಟಕ್ಕೆ ಹೋಯಿತು. ಬೇಳೆ ಕಾಣುವ ಖಿಚಡಿ, ಆಮೇಲೆ ಖಟ್ಟಾದಲ್ಲಿ ಅದ್ದಿದ ರೊಟ್ಟಿ. ಅಜ್ಜಿಗೆ ನೋವಾಗಿ ನಿಲ್ಲಿಸಿದರೆ ಮೊಮ್ಮಗನೂ ನಿಲ್ಲಿಸಿ ಕಾಯುತ್ತಿದ್ದ. ಅಜ್ಜಿ ಗಲ್ಲ ಹಿಡಿದುಕೊಂಡು ಮತ್ತೆ ಶುರು ಮಾಡುತ್ತಿದ್ದರು. ಅವನ ಹೊಟ್ಟೆ ತುಂಬುವ ತನಕ ಅವರು ನೋವಿದೆ ಎಂದು ಏಳಲಿಲ್ಲ.

ಎರಡನೆಯ ತೂಕದ ದಿನ ಆಸ್ಪತ್ರೆಗೆ ನಾನೂ ಹೋದೆ. ಅಯಾನ್ ತೂಕದ ಮೇಲೆ ನಿಂತ. ಅಂಕಿ ಆ ಕಡೆ ಈ ಕಡೆ ಆಡಿ ನಿಂತಿತು. ಡಾಕ್ಟರು ಹಳೆಯದಕ್ಕೆ ಹೋಲಿಸಿ, "ಏರ್ಯಾದ. ಇನ್ನೂ ಏರಬೇಕು, ಆದ್ರ ವಾರ್ಡ್ ಬ್ಯಾಡ" ಎಂದರು. ನಸ್ರೀನ್ ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟಳು. ಖಾಜಾಬಿ ದುವಾ ಮಾಡಲು ಕೈ ಎತ್ತಿ, ಬಾಯಿ ತೆರೆದರು, ಹಲ್ಲಿನ ಸೆಟ್ ಸಡಿಲಾಗಿ ಕಟಕ್ ಎಂದಿತು. ಡಾಕ್ಟರೂ ನಕ್ಕರು.

ರೇಣುಕಾ, ನೀನು ಕೇಳಿದ್ದಕ್ಕೆ ಇದು ನನ್ನ ಉತ್ತರ. ಏನು ಉಣ್ಣಿಸಿದಿರಿ ಎಂದು ಕೇಳು, ಬೇಡ ಎನ್ನುವುದಿಲ್ಲ. ಅದಕ್ಕೆ ಮುಂಚೆ, ಯಾರ ಜೊತೆ ಉಣ್ಣುತ್ತಾನೆ ಎಂದು ಕೇಳು. ಸಾಧ್ಯವಾದರೆ ನೀನೂ ಒಂದು ತುತ್ತು ಉಂಡು ಬಾ. ಬೈಸಿಕೊಂಡರೆ ಬೈಸಿಕೊ, ಬಾಗಿಲು ಹಾಕಿದರೆ ಮತ್ತೆ ಹೋಗು.

ನಿವೃತ್ತಿಯಾಗಿ ಕೆಲವು ತಿಂಗಳ ಮೇಲೆ ಮಾರುಕಟ್ಟೆಗೆ ಹೋದವಳು ಆ ಮನೆಗೆ ಹೋದೆ. ಕೆಲಸದ ಹಂಗಿಲ್ಲದೆ ಹೋದದ್ದು ಅದೇ ಮೊದಲು. ನಸ್ರೀನ್‌ಗೆ ಹೆಣ್ಣುಕೂಸಾಗಿತ್ತು. ದಸ್ತರಖಾನಿನ ಮೇಲೆ ಬಿಸಿಬಿಸಿ ಒಗ್ಗರಣೆ ಮಂಡಾಳು, ಪುಟಾಣಿ ಪುಡಿ ಉದುರಿಸಿದ್ದು, ಮಿರ್ಚಿ ನನಗೂ ಇಸ್ಮಾಯಿಲರಿಗೂ. ಎಲ್ಲರೂ ಒಟ್ಟಿಗೇ ಕೂತಿದ್ದರು, ನಸ್ರೀನ್ ಸಹ. ಮನೆ ತುಂಬ ಕುರುಂ ಕುರುಂ ಸದ್ದು. ಅಯಾನ್ ಅಜ್ಜಿಯ ತಾಟಿನಿಂದ ದೊಡ್ಡ ಹಿಡಿ ತೆಗೆದುಕೊಳ್ಳುತ್ತಿದ್ದ, ಅಜ್ಜಿ ಅವನ ಕೈಯಿಂದ ವಾಪಸು ಕಸಿಯುತ್ತಿದ್ದರು.

ಖಾಜಾಬಿಯವರ ತೊಡೆಯ ಮೇಲೆ ಕೂಸು ಕಣ್ಣು ಬಿಟ್ಟುಕೊಂಡು ಮಲಗಿತ್ತು. ಅಣ್ಣನ ಬಾಯನ್ನು ನೋಡುತ್ತಿತ್ತು, ಅಜ್ಜಿಯ ಬಾಯನ್ನು ನೋಡುತ್ತಿತ್ತು. ನೋಡನೋಡುತ್ತ ಅದರ ಪುಟ್ಟ ದವಡೆಯೂ ಮೇಲೆ ಕೆಳಗೆ ಆಡತೊಡಗಿತು. ಹಲ್ಲಿಲ್ಲ, ಬಾಯಲ್ಲಿ ತುತ್ತಿಲ್ಲ, ಆದರೂ ಅಗಿಯುತ್ತಿತ್ತು.

"ನೋಡ್ರಿ ಮೇಡಮ್ಮಾ, ನೋಡ್ರಿ" ಎಂದರು ಖಾಜಾಬಿ, ತಾವು ಅಗಿಯುವುದನ್ನು ನಿಲ್ಲಿಸದೆ. "ಈಕಿಗೆ ಕಲ್ಸೂದೇ ಬೇಕಾಗಿಲ್ಲ."